ನೂರೆಂಟು ಹೊಲಿಗೆ

ರಾಸ್ ಅಲ್ ಖೈಮಾದ ಬೆಟ್ಟದ ಬುಡದಲ್ಲಿ
ಒಂದು ಹೋಟೆಲು, ಒಂದು ಮೈದಾನ, ನಡುವೆ ಒಂದೇ ಬಸ್ಸು.
ಸುತ್ತ ಬೇಲಿ.
ಮೂಗಿಗೆ ಕಡ್ಡಿ ತೂರಿಸಿಕೊಂಡು, ಹದಿನಾಲ್ಕು ದಿನ
ಗೋಡೆಯ ಜೊತೆ ಮಾತಾಡಿ ಮುಗಿಸಿದವರಿಗೆ ಮಾತ್ರ
ಒಳಗೆ ಜಾಗ.
ನಾನು ಒಳಗೆ.
ಇದಿನಬ್ಬ ಹೊರಗೆ.

ನಿಂತುಹೋಗಿದ್ದ ಆಟ ಮತ್ತೆ ಶುರುವಾಗಬೇಕಂತೆ,
ಲೋಕಕ್ಕೆ ಧೈರ್ಯ ಬರುತ್ತದಂತೆ.
ಬೇಸ್‌ಬಾಲು ಎಂದರೆ ನನಗೇನು ಗೊತ್ತು?
ಉಪ್ಪಿನಂಗಡಿಯಲ್ಲಿ ಹದಿನೆಂಟು ವರ್ಷ
ರವಿಕೆ ಹೊಲಿದವನು, ಇಲ್ಲಿಗೆ ಬಂದು
ಶಾಲೆಮಕ್ಕಳ ಚಡ್ಡಿ ಹೊಲಿದವನು.
ಶಾಲೆ ಮುಚ್ಚಿತು, ಅಂಗಡಿ ಮುಚ್ಚಿತು,
ಕೊನೆಗೆ ಸಿಕ್ಕಿದ್ದು ಚೆಂಡು ಒರೆಸುವ ಕೆಲಸ.

ಮೊದಲ ದಿನವೇ ಕಣ್ಣು ಹೋದದ್ದು ಹೊಲಿಗೆಗೆ.
ಬಿಳಿ ಚರ್ಮ, ಕೆಂಪು ದಾರ, ಕೈಹೊಲಿಗೆ;
ಯಾರೋ ನನ್ನಂಥವರು ಕೂತು ಮಾಡಿದ್ದು.
ಉಗುರಿಟ್ಟು ಎಣಿಸಿದೆ: ನೂರೆಂಟು.
ಇನ್ನೊಂದನ್ನು ಎಣಿಸಿದೆ. ಅದೂ ನೂರೆಂಟು.
ರಾತ್ರಿ ಬೇಲಿಯ ಹತ್ತಿರ ಹೇಳಿದರೆ
ನೀರಿನ ಟ್ಯಾಂಕರಿನ ಕಿಟಕಿಯಿಂದ ಇದಿನಬ್ಬ:
"ನಮ್ಮ ತಸ್ಬಿಯಲ್ಲಿ ತೊಂಬತ್ತೊಂಬತ್ತೇ ಮಾರಾಯ.
ನಿಮಗೆ ಯಾವಾಗಲೂ ಒಂಬತ್ತು ಹೆಚ್ಚು ಬೇಕು."

ಮಾಸ್ಕು ಇತ್ತು. ನಕ್ಕದ್ದು ಕಣ್ಣಿನಲ್ಲಿ ಗೊತ್ತಾಯಿತು.

ಆಟದ ಹೊತ್ತಿಗೆ ಕುರ್ಚಿಗಳಲ್ಲಿ ರಟ್ಟಿನ ಜನ.
ದುಡ್ಡು ಕೊಟ್ಟು ಫೋಟೋ ಕಳಿಸಿದವರು:
ಅಜ್ಜಿಯರು, ಮದುಮಕ್ಕಳು, ಒಂದು ನಾಯಿ ಕೂಡ.
ಸಂಜೆ ಶಮಾಲ್ ಗಾಳಿ ಎದ್ದರೆ
ಎಲ್ಲರೂ ಒಟ್ಟಿಗೆ ಮುಗ್ಗರಿಸುತ್ತಾರೆ.
ಹೋಗಿ ಒಬ್ಬೊಬ್ಬರನ್ನೇ ಹೆಗಲು ಹಿಡಿದು ಕೂರಿಸುತ್ತೇನೆ.
ಸ್ಪೀಕರಿನಲ್ಲಿ ಚಪ್ಪಾಳೆ ಬರುತ್ತದೆ,
ಕೆಲವೊಮ್ಮೆ ತಡವಾಗಿ, ಆಟಗಾರ ಔಟಾದ ಮೇಲೆ.

ಆಟ ಇಷ್ಟೇ ಅಂತ ಅರ್ಥವಾಯಿತು ನನಗೆ:
ಐದು ಮೂಲೆಯ ಬಿಳಿ ಹಲಗೆಯಿಂದ ಹೊರಡುವುದು,
ಮೂರು ಕಡೆ ತಂಗುವುದು,
ಸಿಕ್ಕಿಬೀಳದೆ ಅದೇ ಹಲಗೆಗೆ ವಾಪಸು.
ಹಲಗೆಯ ಹೆಸರು ಹೋಮ್.
ಎವಾರಿಸ್ಟೊ ಎಂಬವನು, ಯಾವುದೋ ದ್ವೀಪದವನು,
ಆಟ ಮುಗಿದು ದೀಪ ಆರಿದ ಮೇಲೂ
ಮೂರನೆಯದರಲ್ಲೇ ನಿಂತಿದ್ದ ಒಂದು ದಿನ.
ಊರಲ್ಲಿ ತಾಯಿಗೆ ಉಸಿರಾಟ ಕಷ್ಟವಂತೆ.
ನಾನು ಹಲಗೆ ಒರೆಸುತ್ತಾ ಇದ್ದೆ.
ಭಾಷೆ ಇರಲಿಲ್ಲ; ಇಬ್ಬರೂ ತಲೆ ಆಡಿಸಿದೆವು.

ಮರುವಾರ ಅವನೇ ಹೊಡೆದದ್ದು:
ದೀಪದ ಕಂಬ ದಾಟಿ, ಬೇಲಿ ದಾಟಿ,
ಟ್ಯಾಂಕರಿನ ಬಾನೆಟ್ಟಿನ ಮೇಲೆ ಢಣ್ ಎಂದು.
ಅವಸರವಿಲ್ಲದೆ ಒಂದು ಸುತ್ತು ನಡೆದುಬಂದು
ಹೋಮ್ ತುಳಿದ. ರಟ್ಟಿನವರು ನೋಡುತ್ತಿದ್ದರು.
ಹೊರಗೆ ಹೋದ ಚೆಂಡು ಒಳಗೆ ಬರಕೂಡದು,
ರೂಲು ಹಾಗುಂಟು; ಐದು ಭಾಷೆಯಲ್ಲಿ ಅಂಟಿಸಿದ್ದಾರೆ,
ಕನ್ನಡದಲ್ಲಿಲ್ಲ, ಆದರೂ ಗೊತ್ತು.
ಇದಿನಬ್ಬ ಕೈಯೆತ್ತಿ ತೋರಿಸಿದ. ಜೇಬಿಗೆ ಹಾಕಿದ.

ಆ ತಿಂಗಳೇ ಅವನಿಗೆ ವಿಮಾನ ಸಿಕ್ಕಿತು.
ಲಿಸ್ಟಿನಲ್ಲಿ ನನ್ನ ಹೆಸರೂ ಇತ್ತು.
ಒಳಗಿದ್ದವನು ಸೀಸನ್ ಮುಗಿಯದೆ ಹೊರಡುವಂತಿಲ್ಲ;
ಅದಕ್ಕೂ ಸಹಿ ಹಾಕಿದ್ದೆ. ಓದದೆ.

ಈಗ ಫೋನಿನಲ್ಲಿ ಅವನ ಸ್ವರ, ಹಿಂದೆ ಕೋಳಿಯದ್ದು:
"ಮಕ್ಕಳು ಕೊತ್ತಳಿಗೆಯ ಬ್ಯಾಟಿನಲ್ಲಿ ಬಡಿದು ಬಡಿದು
ನಿನ್ನ ನೂರೆಂಟೂ ಬಿಚ್ಚಿದವು.
ಒಳಗೆ ಏನುಂಟು ಹೇಳು? ಬರೀ ನೂಲು.
ರುಕಿಯಾ ಒಂದು ತುದಿ ಹಿಡಿದು ಓಡಿದಳು,
ಬಾಗಿಲಿಂದ ಅಂಗಳ, ಅಂಗಳದಿಂದ ಮಸೀದಿಯ ತಿರುವು,
ನೀನು ರವಿಕೆ ಹೊಲಿಯುತ್ತಿದ್ದ ಅಂಗಡಿಯ ಮೆಟ್ಟಿಲ ತನಕ.
ಇನ್ನೂ ಮುಗಿದಿಲ್ಲ ನೋಡು."

ನಾಳೆಯ ಆಟಕ್ಕೆ ಎಂಟು ಡಜನ್ ಬಾಕಿ.
ಒಂದನ್ನು ಸ್ಪಿರಿಟ್ಟಿನಲ್ಲಿ ಒರೆಸಿ
ಕಿವಿಯ ಹತ್ತಿರ ಹಿಡಿದೆ.
ಆಮೇಲೆ ಇನ್ನೊಂದನ್ನು.